ಹಿತ್ತಲ ಬಾಗಿಲಿನ ಪಾಠ

ಗುರುಶಾಂತ ಸಾಹುಕಾರ ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಜೇವರ್ಗಿಯ ಡಾಕ್ಟರೊಬ್ಬರ ಮನೆಯ ನಾಯಿ ಬಂದವರ ಮೈಮೇಲೆ ಹಾರಿ ಅಂಗಿ ಹರಿಯುತ್ತಿತ್ತಂತೆ, ಈಗ ಬಾಗಿಲಲ್ಲಿ ಮಠದ ಮರಿಸ್ವಾಮಿಯ ಹಾಗೆ ಕೈಕಾಲು ಮುದುಡಿ ಕೂರುತ್ತದಂತೆ, ಅದನ್ನು ತಿದ್ದಿದವರು ಆಳಂದದಲ್ಲಿರುವ ಮೇಡಂ ಎಂದು ಡಾಕ್ಟರೇ ನಂಬರು ಕೊಟ್ಟರಂತೆ.

"ನಮ್ಮದೂ ಒಂದು ನಾಯಿ ಅದ ರಿ ಮೇಡಂ. ವಜೀರ ಅಂತ. ಛಲೋ ತಳಿ. ಈಗೀಗ ಯಾಕೋ ತಲಿ ಕೆಟ್ಟದ. ನೀವೊಮ್ಮೆ ಬಂದು ನೋಡ್ರಿ. ಬೇಕಾದ್ರ ಗಾಡಿ ಕಳಸ್ತೇನಿ," ಎಂದ.

ಊರು ಯಾವುದೆಂದು ಪಂಚಶೀಲಾ ಕೇಳಿದಳು. ಅಫಜಲಪುರ ತಾಲೂಕಿನ ಗೊಬ್ಬೂರ ಎಂದ.

ಗೊಬ್ಬೂರ ಅವಳು ಹುಟ್ಟಿದ ಊರು. ಆ ಸಾಹುಕಾರರ ಮನೆ ಅವಳಿಗೆ ಗೊತ್ತಿಲ್ಲದ್ದೂ ಅಲ್ಲ. ಅವಳ ಅಪ್ಪ ಹುಲೆಪ್ಪ ಅಲ್ಲಿ ದನ ಕಟ್ಟಿ, ಸೆಗಣಿ ಬಳಿದು, ತೊಗರಿ ರಾಶಿ ಮಾಡಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಚಿಕ್ಕವಳಿದ್ದಾಗ ಅಪ್ಪನಿಗೆ ಬುತ್ತಿ ಕೊಡಲು ಹೋಗಿ, ಆ ಮನೆಯ ಹಿತ್ತಲ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು ಕಾಲು ಸುಟ್ಟುಕೊಂಡದ್ದು ಅವಳಿಗೆ ಮರೆತಿರಲಿಲ್ಲ. ಗಾಡಿ ಬೇಡ, ನನ್ನ ಸ್ಕೂಟಿ ಇದೆ ಎಂದಳು. ತಾನು ಯಾರ ಮಗಳೆಂದು ಮಾತ್ರ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಅವನು ಕೇಳಲಿಲ್ಲ. ಒಮ್ಮೆಯಾದರೂ ಆ ಮನೆಗೆ ಮುಂಬಾಗಿಲಿನಿಂದ ಹೋಗಬೇಕೆಂಬ ಚಪಲ ಇತ್ತು. ಇರಲಿಲ್ಲ ಎಂದರೆ ಸುಳ್ಳಾದೀತು.

ನಾಯಿಗೆ ಪಾಠ ಹೇಳುವುದೆಂದರೆ ಈ ಸೀಮೆಯಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಾರೆ. ಕೈಯಲ್ಲಿ ಬಡಿಗೆ ಇರುವಾಗ ಪಾಠ ಯಾತಕ್ಕೆ? ನಾಯಿಗೂ ಬಡಿಗೆ, ಎತ್ತಿಗೂ ಬಡಿಗೆ, ಮಕ್ಕಳಿಗೂ ಅದೇ. ಪಂಚಶೀಲಾ ಆಳಂದದಲ್ಲಿ ಬಿ.ಎ. ಮುಗಿಸಿ ಎಲ್ಲೂ ನೌಕರಿ ಸಿಗದೆ, ಸೊಲ್ಲಾಪುರದಲ್ಲಿ ಶ್ರೀಮಂತರ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಜಾಗದಲ್ಲಿ ನಾಯಿ ತೊಳೆಯುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಮರಾಠಿ ಹೆಂಗಸೊಬ್ಬಳು ಎಂಥ ಕಚ್ಚುವ ನಾಯಿಯ ಮೇಲೂ ಕೈ ಎತ್ತುತ್ತಿರಲಿಲ್ಲ. ಒಳ್ಳೆಯದು ಮಾಡಿದ ಕೂಡಲೇ ಒಂದು ಚೂರು ತಿನಿಸು, ಒಂದು ಶಾಬಾಸ್. ಕೆಟ್ಟದ್ದು ಮಾಡಿದರೆ ಅದರಿಂದ ನಾಯಿಗೆ ಸಿಗುತ್ತಿದ್ದ ಲಾಭ ಬಂದ್. ಇಷ್ಟೇ ವಿದ್ಯೆ. ಕೇಳಲು ಸುಲಭ, ಮಾಡಲು ಹೋದರೆ ತಾಳ್ಮೆ ಬೇಕು, ನಮ್ಮವರ ಹತ್ತಿರ ಇಲ್ಲದ್ದು ಅದೊಂದೇ. ಅದನ್ನು ಕಲಿತು ಬಂದ ಪಂಚಶೀಲಾ ಈಗ ಆಳಂದದಲ್ಲಿ ಬಾಡಿಗೆ ಖೋಲಿ ಹಿಡಿದು ಸುತ್ತಲಿನ ತಾಲೂಕುಗಳಲ್ಲೆಲ್ಲ ತಿರುಗುತ್ತಿದ್ದಳು. ಡಾಕ್ಟರರು, ಗುತ್ತಿಗೆದಾರರು ಮೇಡಂ ಎನ್ನುತ್ತಿದ್ದರು. ಸ್ವಂತ ಕೇರಿಯವರು ನಾಯಿ ಮಾಸ್ತರಬಾಯಿ ಎಂದು ಚೇಷ್ಟೆ ಮಾಡುತ್ತಿದ್ದರು.

ಸಾಹುಕಾರನ ಪಡಸಾಲೆಯಲ್ಲಿ ಅವಳಿಗೆಂದು ಕುರ್ಚಿ ಹಾಕಿದ್ದರು. ಅವಳು ಮುಂಬಾಗಿಲು ದಾಟಿ ಹೆಲ್ಮೆಟ್ ತೆಗೆದದ್ದೇ ತಡ, ಗುರುಶಾಂತನ ಕಣ್ಣು ಕಿರಿದಾಯಿತು.

"ನೀ ನಮ್ಮ ಹುಲ್ಯಾನ ಮಗಳಲ್ಲೇನ್ ಬೇ?"

"ಹೌದ್ರಿ."

ಅವನು ಹ್ಯಾಪು ಮೋರೆ ಹಾಕಿ ಒಳಗೆ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಅವನ ತಾಯಿ ಸುಂದರಬಾಯಿ ನಿಂತಿದ್ದಳು. ಮುದುಕಿ ಗದ್ದ ಎತ್ತಿ ಅಂಗಳದ ಕಡೆ ತೋರಿಸಿದಳು. ಆಳುಮನುಷ್ಯ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬೇವಿನ ಮರದ ಕೆಳಗೆ ಇಟ್ಟ. "ಅಲ್ಲೆ ಗಾಳಿ ಛಲೋ ಬರ್ತದ," ಎಂದ ಗುರುಶಾಂತ. ಆ ಹೊತ್ತು ಎಲೆಯೊಂದೂ ಅಲುಗುತ್ತಿರಲಿಲ್ಲ. ಪಂಚಶೀಲಾ ಹೋಗಿ ಕೂತಳು. ಎದ್ದು ಹೊರಟುಬಿಡಬೇಕು ಅನಿಸಿತು. ಅಷ್ಟರಲ್ಲಿ ಮೂಲೆಯಲ್ಲಿ ಸರಪಳಿ ಸದ್ದಾಗಿ, ಎತ್ತರದ ಕಾಲಿನ, ಬೆಲ್ಲದ ಬಣ್ಣದ ನಾಯಿಯೊಂದು ಎದ್ದುನಿಂತು ಬಾಲ ಆಡಿಸಿತು. ಅವಳು ಉಳಿದಳು.

ಆದದ್ದಿಷ್ಟು. ಗುರುಶಾಂತನ ಮಗಳು ಐಶ್ವರ್ಯಾ ಐದನೆಯ ಇಯತ್ತೆಯ ಹುಡುಗಿ. ವಜೀರ ಮರಿಯಿದ್ದಾಗಿನಿಂದ ಅವಳ ಜೊತೆಗೇ ಬೆಳೆದದ್ದು. ಒಂದು ಮಧ್ಯಾಹ್ನ ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದಾಗ ಅದು ಹಾರಿ ಮುಂಗೈ ಹಿಡಿದುಬಿಟ್ಟಿತು. ಕಲಬುರಗಿಗೆ ಒಯ್ದು ಹೊಲಿಗೆ ಹಾಕಿಸಬೇಕಾಯಿತು. ನಾಯಿ ಈ ಮನೆಯಲ್ಲಿ ಇರಕೂಡದು ಎಂದು ಹುಡುಗಿಯ ತಾಯಿ ಹಟ ಹಿಡಿದಿದ್ದಳು. ಹುಡುಗಿ ನೋಡಿದರೆ ಕೈಗೆ ಪಟ್ಟಿ ಕಟ್ಟಿಕೊಂಡೇ ನಾಯಿಗಾಗಿ ಊಟ ಬಿಟ್ಟು ಅಳುತ್ತಿದ್ದಳು.

"ತಿದ್ದಿದ್ರ ಇರ್ತದ. ಇಲ್ಲಂದ್ರ ಖಜೂರಿ ಊರಿನ ಲಾರಿ ಡ್ರೈವರಗ ಹೇಳಿಟ್ಟೇನಿ. ರಾಜ್ಯದ ಗಡಿ ದಾಟಿಸಿ ಹೆದ್ದಾರಿ ಮ್ಯಾಲ ಬಿಟ್ಟು ಬರ್ತಾನ," ಎಂದ ಗುರುಶಾಂತ. ಹೇಳುವಾಗ ಅವನ ದನಿಯೂ ಸ್ವಲ್ಪ ಒಡೆದಿತ್ತು. ನಾಯಿಯ ಮೇಲೆ ಅವನಿಗೆ ಪ್ರೀತಿ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ.

ಮನೆಯಲ್ಲಿ ರೊಟ್ಟಿ ಹಾಲು ತಿಂದು ಬೆಳೆದ ನಾಯಿ ಲಾರಿಗಳ ರಸ್ತೆಯ ಮೇಲೆ ಏನಾಗುತ್ತದೆಂದು ಪಂಚಶೀಲಾಳಿಗೆ ಗೊತ್ತಿತ್ತು. ತಿದ್ದುತ್ತೇನೆ ಎಂದಳು.

ಲಿಂಗವಂತರ ಮನೆ, ಮಾಂಸದ ಚೂರು ತರುವಂತಿರಲಿಲ್ಲ. ಪನೀರ್ ತುಂಡುಗಳನ್ನು ಕಿಸೆಯಲ್ಲಿ ಹಾಕಿಕೊಂಡು, ನಾಯಿಗೆ ಮಗ್ಗುಲಾಗಿ, ಅದರ ಕಣ್ಣಲ್ಲಿ ಕಣ್ಣಿಡದೆ ನೆಲದ ಮೇಲೆ ಕೂತಳು. ವಜೀರ ಮೂಸಿತು, ತಿಂದಿತು, ಆಮೇಲೆ ಅವಳ ತೊಡೆಯ ಮೇಲೆ ಗದ್ದ ಇಟ್ಟು ನಿಟ್ಟುಸಿರು ಬಿಟ್ಟಿತು. ಹುಚ್ಚೂ ಇಲ್ಲ, ಮಣ್ಣೂ ಇಲ್ಲ. ಇಷ್ಟು ಮೆತ್ತಗಿನ ನಾಯಿಯನ್ನು ಅವಳು ನೋಡಿದ್ದೇ ಕಡಿಮೆ. ಆದರೆ ಹಗ್ಗ ಹಿಡಿದು ಹಿತ್ತಲಿಗೆ ಕರೆದೊಯ್ದಾಗ ಬೇರೆಯೇ ನಾಯಿಯಾಯಿತು. ಕಬ್ಬಿಣದ ಸರಳಿನ ಹಿತ್ತಲ ಬಾಗಿಲ ಚಿಲಕ ಸದ್ದಾಯಿತು. ಕೇರಿಯ ಹೆಣ್ಣುಮಗಳೊಬ್ಬಳು ಮಜ್ಜಿಗೆಗೆಂದು ಬಂದು ಹೊರಗೆ ನಿಂತಿದ್ದಳು. ವಜೀರನ ಬೆನ್ನಿನ ಕೂದಲು ಸೆಟೆದು ನಿಂತವು, ಹಲ್ಲು ಹೊರಬಂದವು, ಹಗ್ಗ ಹರಿಯುವ ಹಾಗೆ ಬೊಗಳಿತು. ಬೊಗಳಿ ಮುಗಿಸಿ ಅದು ಒಂದು ಕೆಲಸ ಮಾಡಿತು. ಬಾಗಿಲಲ್ಲಿದ್ದ ಹೆಂಗಸನ್ನು ಬಿಟ್ಟು, ತಿರುಗಿ ಅಡುಗೆಮನೆಯ ಕಡೆ ನೋಡಿತು.

ಆ ನೋಟ ಪಂಚಶೀಲಾಳಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸ ಮುಗಿಸಿದ ಆಳು ಪಗಾರಕ್ಕೆ ಕಾಯುವ ನೋಟ ಅದು. ಅವಳು ಅಂದುಕೊಳ್ಳುತ್ತಿದ್ದ ಹಾಗೇ ಸುಂದರಬಾಯಿ ಅಡುಗೆಮನೆಯ ಮೆಟ್ಟಿಲ ಮೇಲಿಂದ ತುಪ್ಪ ಸವರಿದ ರೊಟ್ಟಿಯ ತುಂಡೊಂದನ್ನು ಎಸೆದಳು. ನಾಯಿ ಗಾಳಿಯಲ್ಲೇ ಹಿಡಿಯಿತು.

"ಇದ್ಯಾಕ್ರಿ ಹಾಕಿದ್ರಿ?" ಎಂದಳು ಪಂಚಶೀಲಾ.

"ಯಾಕಂದ್ರ? ಮೊದಲಿಂದ ರೂಢಿ. ಕಾವಲ ನಾಯಿ, ಬೊಗಳಿದ್ರ ಒಂದ್ ತುತ್ತು ಹಾಕಬಾರ್ದೇನು?" ಎಂದಳು ಮುದುಕಿ.

ಅವತ್ತು ಸಂಜೆ ಕೇರಿಯ ಮನೆಯಲ್ಲಿ ಊಟಕ್ಕೆ ಕೂತಾಗ ಪಂಚಶೀಲಾ ಅಪ್ಪನನ್ನು ಕೇಳಿದಳು. ಹುಲೆಪ್ಪ ರೊಟ್ಟಿ ಮುರಿಯುತ್ತಿದ್ದವನು ನಕ್ಕುಬಿಟ್ಟ. ಅವನ ನಗೆಯಲ್ಲಿ ಬಿಂಕವೂ ಇತ್ತು.

"ವಜೀರಗ ಬೊಗಳೂದು ಕಲಿಸಿದಾಂವ ಯಾರಂತ ತಿಳದೀ? ನಾನಾ! ಮರಿ ಇದ್ದಾಗ ಅದು ಕೇರಿ ಮಂದಿ ಬಂದ್ರೂ ಬಾಲಾ ಅಲ್ಲಾಡಿಸಿ ಹಿಂದ ಓಡ್ತಿತ್ತು. ಹಿಂಗಾದ್ರ ಹ್ಯಾಂಗ ಅಂದ್ರು ಸಾವ್ಕಾರ್ರು. ದಿನಾ ಸಂಜೀಕ ಹಿತ್ತಲ ಬಾಗಲಕ ಬಂದು ನಿಂದ್ರು, ಚಿಲಕ ಬಡಿ, ಕಾಲು ಅಪ್ಪಳಿಸು ಅಂದ್ರು. ನಾ ಅಪ್ಪಳಸ್ತಿದ್ದೆ, ಅದು ಬೊಗಳ್ತಿತ್ತು, ದೊಡ್ಡವ್ವಾರು ತುಪ್ಪದ ರೊಟ್ಟಿ ಒಗೀತಿದ್ರು. ಎಷ್ಟು ಜಲ್ದಿ ಕಲೀತು ಅಂತಿ! ಜಾಣ ನಾಯಿ ಅದು."

"ನಿನ್ನ ಮ್ಯಾಲ ಬೊಗಳಾಕ ನೀನಾ ಕಲಿಸಿದ್ಯಾ ಎಪ್ಪಾ?"

"ನಾಯಿ ಅಲ್ಲೇನ್ ಬೇ ಅದು. ನಾಯಿ ಅಂದ ಮ್ಯಾಲ ಬೊಗಳ್ತದ."

ಅವ್ವ ರುಕ್ಮಿಣಿಬಾಯಿ ಒಲೆಯ ಮುಂದಿನಿಂದ ತಿರುಗಲೂ ಇಲ್ಲ. "ಅದಾ ನಾಯಿ ನನ್ನ ಸೀರಿ ಸೆರಗು ಹರದಾಗೂ ಇಂವ ಹಿಂಗಾ ನಕ್ಕಿದ್ದ. ಕೇಳು ನಿಮ್ಮಪ್ಪಗ," ಎಂದಳು.

ಪಂಚಶೀಲಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಹೇಸಿಗೆಯಾಯಿತೋ, ಸಿಟ್ಟು ಬಂತೋ, ಅವಳಿಗೇ ತಿಳಿಯಲಿಲ್ಲ. ಊರಿನಲ್ಲಿ ಪಂಚಾಯತಿ ಚುನಾವಣೆ ಬಂದರೆ ಕೇರಿಗೆ ಬಂದು ಕೈಮುಗಿಯುವ ಸಾಹುಕಾರ, ಸಂವಿಧಾನ ದಿನಕ್ಕೆ ಶಾಲೆಯಲ್ಲಿ ಭಾಷಣ ಮಾಡುವ ಸಾಹುಕಾರ, ಬಾಯಿಂದ ಹೇಳಬಾರದ್ದನ್ನು ನಾಯಿಯ ಬಾಯಿಂದ ಹೇಳಿಸಿದ್ದ. ಹೇಳಿಕೊಟ್ಟವನು ತನ್ನ ಅಪ್ಪ.

ಆದರೆ ಒಂದು ಮಾತು ಅವಳಿಗೆ ಬೆಳಗಾಗುವುದರೊಳಗೆ ಹೊಳೆದಿತ್ತು. ನಾಯಿಗೆ ಜಾತಿ ಕಲಿಸಿದೆವು ಎಂದುಕೊಂಡಿದ್ದರು ಇವರು. ನಾಯಿ ಕಲಿತದ್ದು ಬಾಗಿಲನ್ನು. ಮರುದಿನ ಐಶ್ವರ್ಯಾಳನ್ನು ಒತ್ತಟ್ಟಿಗೆ ಕೂರಿಸಿ ಕೇಳಿದಾಗ ಹುಡುಗಿ ಉಗುರು ಕಚ್ಚುತ್ತ ಎಲ್ಲ ಹೇಳಿದಳು. ನಾಯಿ ಕಚ್ಚಿದ ದಿನ ಅವಳು ಕೇರಿಯಲ್ಲಿರುವ ತನ್ನ ತರಗತಿಯ ಗೆಳತಿ ಅನುರಾಧಾಳ ಮನೆಗೆ ಮನೆಯವರಿಗೆ ಹೇಳದೆ ಆಡಲು ಹೋಗಿದ್ದಳು. ಬರುವಾಗ ಬಿಸಿಲು ಬಹಳವಿತ್ತೆಂದು ಅನುರಾಧಾ ತನ್ನ ಓಢಣಿಯನ್ನೇ ಅವಳ ತಲೆ ಮುಖಕ್ಕೆಲ್ಲ ಸುತ್ತಿ ಕಳಿಸಿದ್ದಳು. ಓಢಣಿಯಲ್ಲಿ ಗೆಳತಿಯ ಮನೆಯ ವಾಸನೆ, ಚಿಲಕದ ಸದ್ದು, ನಿಂತದ್ದು ಹಿತ್ತಲ ಬಾಗಿಲಲ್ಲಿ.

"ನಾಯಿ ತಲಿ ಕೆಟ್ಟಿಲ್ರಿ ಸಾವ್ಕಾರ್ರ," ಎಂದಳು ಪಂಚಶೀಲಾ ಗುರುಶಾಂತನಿಗೆ. "ನೀವು ಹೇಳಿಕೊಟ್ಟ ಪಾಠ ಅದು ಬರೋಬರ್ ಒಪ್ಪಿಸ್ಯದ. ಆ ಬಾಗಲದಾಗ ನಿಂತವ್ರು ಅದಕ್ಕ ಎಲ್ಲಾರೂ ಒಂದಾ. ಯಾರು ನಿಮ್ಮವ್ರು, ಯಾರು ನಮ್ಮವ್ರು ಅನ್ನೂದು ಅದಕ್ಕ ತಿಳಿಯಂಗಿಲ್ಲ."

ಗುರುಶಾಂತ ಮೀಸೆ ತಿರುವಿದ. ಆಮೇಲೆ ದೊಡ್ಡದಾಗಿ ನಕ್ಕು, "ಹಂಗಾರ ನಾಯಿದು ತಪ್ಪಿಲ್ಲ ಅನ್ನು! ತಿದ್ದು, ತಿದ್ದು," ಎಂದ. ಅವನಿಗೆ ಅರ್ಥವಾಯಿತು ಎಂದು ಪಂಚಶೀಲಾ ತಿಳಿದಳು. ಅರ್ಥವಾಗಿತ್ತು, ಇಲ್ಲವೆಂದಲ್ಲ. ಅವನಿಗೆ ಬೇಕಾದಷ್ಟು ಅರ್ಥವಾಗಿತ್ತು.

ತೊಗರಿ ಹೂ ಬಿಟ್ಟಾಗ ಶುರುವಾದ ಪಾಠ ಕಾಯಿ ಕಟ್ಟುವ ಹೊತ್ತಿಗೆ ಮುಗಿಯಿತು. ಮೊದಲು ಬೊಗಳಿದ್ದಕ್ಕೆ ರೊಟ್ಟಿ ಬಂದ್. ಸುಂದರಬಾಯಿ ಗೊಣಗಿದರೂ ಮೊಮ್ಮಗಳ ಮುಖ ನೋಡಿ ಒಪ್ಪಿದಳು. ವಜೀರನನ್ನು ಹಿತ್ತಲ ಬಾಗಿಲಿನಿಂದ ದೂರ, ಅದಕ್ಕೆ ಸಿಟ್ಟು ಬಾರದಷ್ಟು ದೂರ ಕೂರಿಸಿ, ಚಿಲಕದ ಸದ್ದಾದ ಕೂಡಲೇ ಪನೀರ್ ಚೂರು ಕೊಟ್ಟಳು. ಸದ್ದಾದರೆ ತಿನಿಸು, ಮತ್ತೆ ಸದ್ದು, ಮತ್ತೆ ತಿನಿಸು. ಚಿಲಕ ಬಡಿಯುವವನು ಹುಲೆಪ್ಪನೇ. ಆಮೇಲೆ ಸ್ವಲ್ಪ ಸ್ವಲ್ಪ ಹತ್ತಿರ. ಆಮೇಲೆ ಬಾಗಿಲಾಚೆ ನಿಂತ ಕೇರಿಯವರೇ ಒಂದೊಂದು ಚೂರು ಒಳಗೆ ಎಸೆದರು. ಮೊದಮೊದಲು ಹೆದರಿ ದೂರದಿಂದ ಎಸೆದು ಓಡಿದವರು ಬರಬರುತ್ತ ಅಂಗೈ ಮೇಲೆ ಇಟ್ಟು ತಿನ್ನಿಸಿದರು. ಎಲ್ಲರಿಗಿಂತ ಹುರುಪು ಹುಲೆಪ್ಪನಿಗೆ. "ತಡಾ ಮಾಡಿ ಕೊಟ್ರ ಯಾತಕ್ಕ ಕೊಟ್ರು ಅಂತ ಅದಕ್ಕ ತಿಳಿಯಂಗಿಲ್ಲ, ಹೌದಿಲ್ಲೋ ಯವ್ವಾ?" ಎಂದು ಮಗಳ ಬಾಯಿಂದ ಕೇಳಿದ್ದನ್ನೇ ಮಗಳಿಗೆ ಹೇಳುವನು. ಮನೆಗೆ ಹೋಗಿ ಹೆಂಡತಿಗೂ ಹೇಳುವನು.

ಕೊನೆಗೆ ಒಂದು ದಿನ ಐಶ್ವರ್ಯಾಳ ತಲೆಗೆ ಅದೇ ಓಢಣಿ ಸುತ್ತಿ ಹಿತ್ತಲ ಬಾಗಿಲಿನಿಂದ ಒಳಗೆ ಕರೆತಂದಳು. ವಜೀರ ಕಿವಿ ನಿಗುರಿಸಿತು, ಬಾಲ ಬಡಿಯಿತು, ಹುಡುಗಿಯ ಮುಂಗೈ ಮೇಲಿನ ಹೊಲಿಗೆ ಗುರುತನ್ನು ನೆಕ್ಕಿತು. ಹುಡುಗಿ ಅದರ ಕೊರಳು ತಬ್ಬಿ ಅತ್ತಳು. ಪಂಚಶೀಲಾಳಿಗೂ ಕಣ್ಣು ತುಂಬಿ ಬಂದವು. ಅಷ್ಟು ಸುಖ ಅವಳಿಗೆ ತನ್ನ ಕೆಲಸದಿಂದ ಎಂದೂ ಸಿಕ್ಕಿರಲಿಲ್ಲ. ಒಂದು ಬಾಗಿಲನ್ನು, ಬರೀ ಒಂದು ಬಾಗಿಲನ್ನು, ತಾನು ತಿದ್ದಿದೆ ಅನಿಸಿತ್ತು.

ಆ ಸುಖ ಒಂದು ವಾರವೂ ಬಾಳಲಿಲ್ಲ. ಹುಲೆಪ್ಪ ಒಂದು ಬೆಳಿಗ್ಗೆ ದನದ ಮೇವಿಗೆಂದು ಕಣಿಕೆಯ ಹೊರೆ ಹೊತ್ತು ಹಿತ್ತಲ ಬಾಗಿಲಿನಿಂದ ಬಂದ. ಹೊರೆ ಇಳಿಸಿದ್ದೇ ವಜೀರ ಅವನ ಸುತ್ತ ಕುಣಿಯಿತು, ಪಂಚೆಯ ತುದಿ ಹಿಡಿದು ಎಳೆಯಿತು. ಮುದುಕನಿಗೂ ಆಟದ ಲಹರಿ ಬಂತು. ಇಷ್ಟು ದಿನವೂ ನಾಯಿಯ ಬೊಗಳಿಕೆಯೇ ಅವನಿಗೆ ಗೆರೆಯಾಗಿತ್ತು, ಅದು ಎಲ್ಲಿ ಹಲ್ಲು ತೋರಿಸುತ್ತಿತ್ತೋ ಅಲ್ಲಿ ಅವನು ನಿಲ್ಲುತ್ತಿದ್ದ. ಈಗ ನಾಯಿ ಮುಂದೆ ಮುಂದೆ ಓಡಿತು, ಅವನು ನಗುತ್ತ ಹಿಂದೆ ಹಿಂದೆ ಹೋದ. ಹೋಗಿ, ದಣಿವಾರಿಸಿಕೊಳ್ಳಲು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಸುಂದರಬಾಯಿ ಕೂಗಿದ ಕೂಗು ಊರ ಅಗಸೆಬಾಗಿಲ ತನಕ ಕೇಳಿಸಿತಂತೆ. ಮೆಟ್ಟಿಲು ತೊಳೆದರು, ಬಾಗಿಲು ತೊಳೆದರು, ಕುಡಿಯುವ ನೀರಿನ ಕೊಡಗಳನ್ನು ಚೆಲ್ಲಿ ಹೊಸದಾಗಿ ತುಂಬಿದರು. ಗುರುಶಾಂತ ಪಂಚಶೀಲಾಳನ್ನು ಕರೆಸಿದ. ಈ ಸಲ ಬೇವಿನ ಮರದ ಕೆಳಗೂ ಕುರ್ಚಿ ಇರಲಿಲ್ಲ.

"ಕೆಲಸ ಅರ್ಧಾ ಮಾಡೀದಿ," ಎಂದ.

"ಪೂರಾ ಆಗೇದ್ರಿ. ಇನ್ನ ಅದು ಯಾರಿಗೂ ಕಚ್ಚಂಗಿಲ್ಲ."

"ಅದಾ ಆಗೇದ ಪಂಚಾಯ್ತಿ. ನಮ್ಮ ಹುಡುಗಿಗೆ ಕಚ್ಚಬಾರ್ದು ಅಂದಿದ್ದೆ. ಯಾರಿಗೂ ಬೊಗಳಬಾರ್ದು ಅಂದಿದ್ನೇನು? ಹುಡುಗಿ ಇನ್ನ ಆ ಬಾಗಲಕ ಬರಂಗಿಲ್ಲ, ಕೇರಿಗೂ ಹೋಗಂಗಿಲ್ಲ. ಅದರ ಬಂದೋಬಸ್ತ ನಾ ಮಾಡೇನಿ. ನೀ ನಾಯಿಗೆ ಮೊದಲಿನ ಪಾಠ ಮತ್ತ ಹಚ್ಚು. ಕಚ್ಚೂದ್ ಬ್ಯಾಡ, ಬೊಗಳಿದ್ರ ಸಾಕು. ನಾವೇನು ರಾಕ್ಷಸರಲ್ಲ."

"ಅದು ನನ್ನ ಕೈಲೆ ಆಗಂಗಿಲ್ರಿ."

"ಯಾಕ ಆಗಂಗಿಲ್ಲ? ಹೊಡಿ ಅಂದ್ನೇನು? ಬಡಿ ಅಂದ್ನೇನು? ನಿನ್ನ ಪದ್ಧತಿಲೇನ ಕಲಿಸು. ಪ್ರೀತಿಲೆ ಕಲಿಸು."

ಪ್ರೀತಿಲೆ ಎಂಬ ಮಾತು ಕೇಳಿ ಪಂಚಶೀಲಾಳಿಗೆ ಮೈಯೆಲ್ಲ ಉರಿಯಿತು. ಅವನು ಕುಚೋದ್ಯ ಮಾಡುತ್ತಿರಲಿಲ್ಲ. ಅವನ ಮುಖದಲ್ಲಿ ಕಪಟವೇ ಇರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟದ್ದು. ಸಿಟ್ಟು ನುಂಗಿಕೊಂಡು, "ಹಂಗಾರ ವಜೀರನ್ನ ನನಗ ಕೊಡ್ರಿ. ಆಳಂದಕ ಒಯ್ತೇನಿ, ನಾ ಸಾಕ್ತೇನಿ," ಎಂದಳು.

"ನಮ್ಮ ಮನಿ ನಾಯಿ ನಿಮ್ಮ ಮನ್ಯಾಗ ಉಣ್ಣೂದು? ಮಂದಿ ಏನಂದಾರು ನನಗ? ಆಗಂಗಿಲ್ಲ ಅಂದ್ರ ಬಿಡು. ಖಜೂರಿ ಲಾರಿ ಈ ಕಡೆ ಬರೂದಾ ಅದ," ಎಂದು ಗುರುಶಾಂತ ಎದ್ದು ಒಳಗೆ ಹೋದ.

ಅಪ್ಪನ ಮುಂದೆ ಅವಳು ಎಲ್ಲವನ್ನೂ ಹೇಳಿ ಕೂಗಾಡಿದಳು. ನಮ್ಮ ಮೇಲೆ ಬೊಗಳಲು ಕಲಿಸುವ ಕೈ ನನ್ನದಲ್ಲ ಎಂದಳು. ಹುಲೆಪ್ಪ ಮಂಕಾಗಿ ಕೂತಿದ್ದ. ಮೆಟ್ಟಿಲ ಮೇಲೆ ಕೂತದ್ದಕ್ಕೆ ಬೈಸಿಕೊಂಡದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಆಮೇಲೆ ಕೇಳಿದ:

"ಲಾರಿ ರಸ್ತೆದಾಗ ಬಿಟ್ರ ಅದು ಬದಕ್ತದೇನ್ ಯವ್ವಾ?"

"ಇಲ್ಲ ಎಪ್ಪಾ. ಯಾವ್ದಾರ ಗಾಲಿ ಕೆಳಗ ಹೋಗ್ತದ."

ಹುಲೆಪ್ಪ ವಸ್ತ್ರ ಹೆಗಲಿಗೆ ಹಾಕಿಕೊಂಡು ಎದ್ದು ಹೊರಗೆ ಹೋದ.

ಪಂಚಶೀಲಾ ಆಳಂದಕ್ಕೆ ಹೋದಳು. ಆದರೆ ಕೈಚೆಲ್ಲಿ ಕೂರಲಿಲ್ಲ. ಸೊಲ್ಲಾಪುರದ ಆ ಮರಾಠಿ ಬಾಯಿಗೆ ಫೋನು ಮಾಡಿ ಅಂಗಲಾಚಿದಳು. ಬಾಯಿ ನಾಯಿಯನ್ನು ತಾನೇ ಇಟ್ಟುಕೊಳ್ಳಲು ಒಪ್ಪಿದಳು. ಸೊಲ್ಲಾಪುರದ ದೊಡ್ಡ ಮನೆಗೆ ಕೊಟ್ಟೆ ಎಂದರೆ ಸಾಹುಕಾರನ ಇಜ್ಜತ್ತಿಗೂ ಕುಂದಿಲ್ಲ. ಇದನ್ನು ಹೇಳಲು ಗುರುಶಾಂತನಿಗೆ ನಾಲ್ಕೈದು ದಿನ ಎಷ್ಟು ಸಲ ಫೋನು ಮಾಡಿದರೂ ಅವನು ಎತ್ತಲಿಲ್ಲ. ಕೊನೆಗೆ ಅವಳು ಸ್ಕೂಟಿ ಹತ್ತಿ ಗೊಬ್ಬೂರಕ್ಕೇ ಹೊರಟಳು. ದಾರಿಯುದ್ದಕ್ಕೂ ಒಂದೇ ಹೆದರಿಕೆ, ಲಾರಿ ಬಂದು ಹೋಗಿದ್ದರೆ?

ಓಣಿಯ ತುದಿಗೆ ಬಂದಾಗ ಬೊಗಳುವ ಸದ್ದು ಕೇಳಿಸಿತು. ವಜೀರನ ದನಿಯೇ. ಬದುಕಿದೆ! ಅವಳ ಎದೆ ಹಗುರಾಯಿತು. ಮುಂಬಾಗಿಲಿಗೆ ಸುತ್ತುಹಾಕುವಷ್ಟು ತಾಳ್ಮೆ ಇಲ್ಲದೆ, ಸ್ಕೂಟಿಯನ್ನು ಅಲ್ಲೇ ನಿಲ್ಲಿಸಿ ಹಿತ್ತಲ ಬಾಗಿಲಿಗೆ ಓಡಿದಳು.

ಬಾಗಿಲ ಹೊರಗೆ ಮಜ್ಜಿಗೆಯ ತಂಬಿಗೆ ಹಿಡಿದ ಹೆಂಗಸು ನಿಂತಿದ್ದಳು. ಒಳಗೆ ವಜೀರ ಅವಳ ಮೇಲೆ ಬೊಗಳುತ್ತಿತ್ತು. ಅದರ ಪಕ್ಕದಲ್ಲಿ, ಹಿತ್ತಲಿನ ಅಂಗಳದ ನಡುವೆ, ಒಗೆದ ಅಂಗಿ ತೊಟ್ಟು, ಕಿಸೆಯಲ್ಲಿ ಪನೀರ್ ತುಂಬಿಕೊಂಡು ಅವಳ ಅಪ್ಪ ನಿಂತಿದ್ದ. ನಾಯಿ ಬೊಗಳಿದ ಕೂಡಲೇ, ಒಂದು ಉಸಿರಿನಷ್ಟೂ ತಡಮಾಡದೆ, ಚೂರು ಬಾಯಿಗಿಟ್ಟು "ಶಾಬಾಸ್" ಎಂದ. ಹೆಂಗಸು ತಂಬಿಗೆ ಹಿಡಿದು ತಲೆ ತಗ್ಗಿಸಿ ಹೋದಳು.

"ಎಪ್ಪಾ, ಏನ್ ಮಾಡಾಕತ್ತಿ?"

ಹುಲೆಪ್ಪ ಬೆಚ್ಚಿ ನೋಡಿದ. ಮಗಳೆಂದು ತಿಳಿದು ಬಾಗಿಲ ಹತ್ತಿರ ಬಂದು ದನಿ ತಗ್ಗಿಸಿದ.

"ಲಾರಿ ಬಂದು ನಿಂತಿತ್ತ ಬೇ. ಹಗ್ಗ ಕಟ್ಟಿ ಹತ್ತಸಾಕತ್ತಿದ್ರು. ನಾ ಸಾವ್ಕಾರ್ರ ಕಾಲು ಹಿಡದೆ. ನನ್ನ ಮಗಳು ಮಾಡೂದು ಎಲ್ಲಾ ನೋಡೇನಿ, ನಾ ಕಲಸ್ತೇನಿ ಅಂದೆ. ನೀ ಸಾಯ್ತದ ಅಂದಿದ್ದಿ, ನಾ ಉಳಿಸೇನಿ ನೋಡು. ಒಂದು ಏಟು ಸುದ್ದಾ ಹೊಡದಿಲ್ಲ. ನಿನ್ನಂಗಾ ಕಲಿಸೇನಿ." ಆಮೇಲೆ ನೆಲದ ಕಡೆ ತೋರಿಸಿ, "ಈಗ ನನಗ ಇಲ್ಲಿ ತನಕ ನಿಂದ್ರಾಕ ಬಿಟ್ಟಾರ," ಎಂದ.

ಬೈಯಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ವಜೀರ ಅವಳನ್ನು ಗುರುತಿಸಿತ್ತು. ಕುಂಯ್‌ಗುಡುತ್ತ ಓಡಿಬಂದು ಬಾಗಿಲ ಸರಳುಗಳ ನಡುವೆ ಮೂತಿ ತೂರಿಸಿ ಅವಳ ಕೈ ನೆಕ್ಕಿತು. ಬಾಲದ ಜೊತೆಗೆ ಇಡೀ ಮೈ ಅಲ್ಲಾಡುತ್ತಿತ್ತು. ಸೊಲ್ಲಾಪುರದ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಡುಗೆಮನೆಯ ಬಾಗಿಲಿನಿಂದ ಸುಂದರಬಾಯಿಯ ದನಿ ಕೇಳಿಸಿತು.

"ಯಾಕ, ಅಕಿಗೆ ಬೊಗಳಂಗಿಲ್ಲೇನು ಅದು?"

ಹುಲೆಪ್ಪ ಅಡುಗೆಮನೆಯ ಕಡೆ ನೋಡಿದ, ನಾಯಿಯ ಕಡೆ ನೋಡಿದ. ಮಗಳ ಕಡೆ ನೋಡಲಿಲ್ಲ. ಬಗ್ಗಿ ವಜೀರನ ಕೊರಳ ಪಟ್ಟಿ ಹಿಡಿದು ಮೆಲ್ಲಗೆ ಹಿಂದೆ ಎಳೆದುಕೊಂಡು, ಕಾಲನ್ನು ನೆಲಕ್ಕೆ ಅಪ್ಪಳಿಸಿದ.

"ಛೂ," ಎಂದ.

ನಾಯಿ ಅವನ ಮುಖ ನೋಡಿತು. ಅವಳ ಮುಖ ನೋಡಿತು. ಬಾಲ ಆಡಿಸುತ್ತಲೇ ಇತ್ತು.

"ಛೂ, ವಜೀರ. ಛೂ!"

ವಜೀರ ಬೊಗಳಿತು. ಬಾಲ ಆಗಲೂ ನಿಲ್ಲಲಿಲ್ಲ, ಕಣ್ಣುಗಳಲ್ಲಿ ಹಗೆಯ ಸುಳಿವೂ ಇರಲಿಲ್ಲ. ಹುಲೆಪ್ಪನ ಕೈ ಕಿಸೆಗೆ ಹೋಯಿತು. ಚೂರು ಬಾಯಿಗಿಟ್ಟ, ತಲೆ ಸವರಿದ. ಮತ್ತೆ ಬೊಗಳಿತು, ಮತ್ತೆ ಕೊಟ್ಟ. ಪಂಚಶೀಲಾ ನಾಯಿ ನೆಕ್ಕಿದ ಕೈಯನ್ನು ಸರಳುಗಳಿಂದ ಹಿಂದೆ ತೆಗೆದುಕೊಂಡಳು.

ಸುಂದರಬಾಯಿ ಮೆಟ್ಟಿಲ ಮೇಲೆ ಬಂದು ನಿಂತು ತೃಪ್ತಿಯಿಂದ ನೋಡಿದಳು. "ಅಡ್ಡಿಯಿಲ್ಲ. ಖರೇನ ಛಲೋ ಕಲಿಸೀದಿ ಹುಲೆಪ್ಪ," ಎಂದು ಒಳಗೆ ಹೋದಳು.

ದನ ಕಾಯುವ ಹುಡುಗನಾಗಿ ಆ ಮನೆಗೆ ಬಂದ ದಿನದಿಂದ ಅವನು ಅಲ್ಲಿ ಹುಲ್ಯಾ. ಪೂರ್ತಿ ಹೆಸರು ಹಿಡಿದು ಆ ಮನೆಯಲ್ಲಿ ಯಾರ ಬಾಯಿಂದಲೂ ಅವನು ಕರೆಸಿಕೊಂಡದ್ದಿಲ್ಲ. ಹುಲೆಪ್ಪ ನಿಂತಲ್ಲೇ ನೆಟ್ಟಗಾದ. ಅವನ ಸುಕ್ಕು ಮುಖವೆಲ್ಲ ಅರಳಿತು. ಈಗ ಮಗಳ ಕಡೆ ತಿರುಗಿ, ಸರಳುಗಳ ಹತ್ತಿರ ಮುಖ ತಂದು ಕೇಳಿದ:

"ಏನಂದ್ರು ಕೇಳಿದ್ಯಾ ಯವ್ವಾ?"

"ಕೇಳಿದೆ ಎಪ್ಪಾ," ಎಂದಳು ಪಂಚಶೀಲಾ.